ಎಲ್ಲರೂ ನೋಡಬಹುದಾದ ಕಾಲು

ಮೈಲೂರ

ನಾನು ಪಾಸ್‌ಪೋರ್ಟ್ ಮಾಡಿಸುವುದಕ್ಕಿಂತ ಮೊದಲೇ ನನ್ನ ಎಡಗಾಲು ಪರದೇಶಕ್ಕೆ ಹೋಗಿತ್ತು. ಕಾಲು ಎಂದರೆ ಕಾಲಿನ ಫೋಟೊ. ಅದರ ಹಿಂದೆ ನಾನು ಹೋಗಿ ಬಂದ ಕಥೆ ಇದು. ವಿಮಾನದಲ್ಲಿ ಏನು ತಿನ್ನಲು ಕೊಟ್ಟರು, ಎಷ್ಟು ಊರು ನೋಡಿದೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ನೋಡಿದ್ದು ಒಂದೇ ಊರು, ಅದರಲ್ಲೂ ಹೆಚ್ಚು ನೋಡಿದ್ದು ನೆಲ.

ನೆಲ ನೋಡುವುದು ನನ್ನ ಕಸುಬು. ನಾನು ಘಾಳೆಪ್ಪ, ಬೀದರದ ಮೈಲೂರಿನ ಗೌಂಡಿ. ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಕರಣೆ ಹಿಡಿದವನು. ಬೀದರ, ಭಾಲ್ಕಿ, ಔರಾದ ಮೂರೂ ಕಡೆ ನಾನು ಎಬ್ಬಿಸಿದ ಗೋಡೆಗಳಿವೆ, ಹಾಸಿದ ಫರ್ಶಿಕಲ್ಲುಗಳಿವೆ. ಅವುಗಳಲ್ಲಿ ಒಂದು ಬಿರುಕು ತೋರಿಸಿ, ಬಿಟ್ಟಿ ದುಡಿದು ಕೊಡುತ್ತೇನೆ ಎಂದು ಎದೆ ತಟ್ಟಿ ಹೇಳುತ್ತ ಬಂದಿದ್ದೇನೆ. ಇನ್ನೂ ಯಾರೂ ತೋರಿಸಿಲ್ಲ.

ಔರಾದದಲ್ಲಿ ಒಂದು ಮನೆಯ ಪಾಯ ತೋಡಿಸುವಾಗ ಎಡಗಾಲಿಗೆ ಜಾಲಿಮುಳ್ಳು ನಟ್ಟಿತು. ಕಿತ್ತು ಒಗೆದೆ, ಮರೆತೆ. ಮುಳ್ಳು ನನ್ನನ್ನು ಮರೆಯಲಿಲ್ಲ. ಪಾದದಲ್ಲಿ ಗಂಟಾಯಿತು, ಗಂಟು ಬಾವಾಯಿತು, ಬಾವಿನಲ್ಲಿ ತೂತು ಬಿದ್ದು ಸಾಸಿವೆಯಂಥ ಕರಿ ಕಾಳು ಹೊರಗೆ ಬರತೊಡಗಿದವು. ಒಬ್ಬರು ಆನೆಕಾಲು ಎಂದರು. ಇನ್ನೊಬ್ಬರು ಟಿಬಿ ಎಂದರು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಡಿಯಬೇಕು ಎಂದರು. ಕಾಲು ಕಡಿದ ಮೇಲೆ ಗೌಂಡಿ ಗಳ ಕಟ್ಟಿದ ಪರಾಂಚಿ ಹತ್ತುವುದು ಹೇಗೆ? ಚಾದರ ಸುತ್ತಿಕೊಂಡು ಬಸ್ಸು ಹತ್ತಿ ಮನೆಗೆ ಬಂದೆ.

ಆಗ ನನಗೆ ಸಿಕ್ಕವರು ವಿಮಲಾ ಮೇಡಂ. ನಮ್ಮ ಚರ್ಚಿನ ನರ್ಸಮ್ಮ ಒಬ್ಬರ ಮಗಳು, ಬೀದರದ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆ ನೌಕರಿಯ ಡಾಕ್ಟರು. ಅವರು ಕಾಲು ನೋಡಿ, "ಇದು ಏನಂತ ನನಗ ಗೊತ್ತಿಲ್ಲ ಕಾಕಾ. ನಾಳಿ ಬರ್ರಿ," ಎಂದರು. ಗೊತ್ತಿಲ್ಲ ಎಂದ ಮೊದಲ ಡಾಕ್ಟರು ಅವರೇ. ಮರುದಿನ ಹೋದರೆ ಕಂಪ್ಯೂಟರಿನಲ್ಲಿ ಒಂದು ಲೇಖನ ತೆಗೆದು ಇಟ್ಟುಕೊಂಡಿದ್ದರು. ಆಫ್ರಿಕಾದ ಸೆನೆಗಲ್ ಎಂಬ ದೇಶದ ಡಾಕ್ಟರೊಬ್ಬರು ಬರೆದದ್ದು, ಯಾರು ಬೇಕಾದರೂ ಬಿಟ್ಟಿ ಓದುವಂಥದ್ದು. ಅದರಲ್ಲಿ ನನ್ನ ಕಾಲಿನ ಅಣ್ಣನಂಥ ಒಂದು ಕಾಲಿತ್ತು. ಮಣ್ಣಿನ ಬೂಷ್ಟು ಮುಳ್ಳಿನ ಸಂಗಡ ಒಳಗೆ ಹೋಗಿ ಮನೆ ಮಾಡುವ ರೋಗವಂತೆ, ಮದುರಾ ಪಾದ ಎಂದು ಹೆಸರಂತೆ. ಆ ಲೇಖನದ ದಾರಿ ಹಿಡಿದು ಮೇಡಂ ಎರಡು ಬೆರಳು ತೆಗೆಸಿದರು, ವರ್ಷಕ್ಕೂ ಹೆಚ್ಚು ಕಾಲ ಗುಳಿಗೆ ನುಂಗಿಸಿದರು. ಪಾದ ಉಳಿಯಿತು.

ಮೇಡಂ ನನ್ನ ಕಾಲಿನ ಬಗ್ಗೆ ಬರೆದು, ಫೋಟೊ ಸಮೇತ ಪರದೇಶದ ಒಂದು ಪತ್ರಿಕೆಗೆ ಕಳಿಸಿದರು. ಛಾಪಾಯಿತು. ನಾನು ಸಂಭ್ರಮದಿಂದ ಕಂಪ್ಯೂಟರ್ ಅಂಗಡಿಗೆ ಹೋಗಿ ತೋರಿಸು ಎಂದೆ. ಪರದೆಯ ಮೇಲೆ ಮೇಡಂ ಹೆಸರು ಬಂತು, ಕೆಳಗೆ ಒಂದು ಬೀಗದ ಚಿತ್ರ ಬಂತು. ದುಡ್ಡು ಕಟ್ಟಿದರೆ ಮಾತ್ರ ಒಳಗಿನದು ಕಾಣುತ್ತದೆ ಎಂದ ಅಂಗಡಿಯವ. ಸೀದಾ ಆಸ್ಪತ್ರೆಗೆ ಹೋಗಿ ಗದ್ದಲ ಮಾಡಿದೆ. ಮೇಡಂ ತಲೆ ಕೆಳಗೆ ಹಾಕಿದರು. ಬರೆದವರಾಗಿ ತಮ್ಮ ಹತ್ತಿರ ಒಂದು ಪ್ರತಿ ಇದೆ, ಆದರೆ ಔರಾದದಲ್ಲೋ ಭಾಲ್ಕಿಯಲ್ಲೋ ಕುಳಿತ ಡಾಕ್ಟರಿಗೆ ಇಲ್ಲ, ತಮ್ಮ ಆಸ್ಪತ್ರೆಯಲ್ಲೇ ಬೇರೆಯವರಿಗೆ ತೆರೆಯುವುದಿಲ್ಲ ಎಂದರು.

ಅಷ್ಟರಲ್ಲಿ ಮೇಡಂ ಭಾಲ್ಕಿ, ಔರಾದ, ಠಾಣಾ ಕುಶನೂರ ತಿರುಗಿ ನನ್ನಂಥ ಇನ್ನಷ್ಟು ಕಾಲುಗಳನ್ನು ಹುಡುಕಿ ಔಷಧ ಕೊಟ್ಟಿದ್ದರು. ಅವೆಲ್ಲ ಸೇರಿಸಿ ದೊಡ್ಡ ಲೇಖನ ಬರೆದರು. ದೊಡ್ಡ ಹೆಸರಿನ ಪತ್ರಿಕೆಯೊಂದು ಒಪ್ಪಿತು. ಅದೂ ಬೀಗದ್ದೇ. ಆದರೆ ಅದರಲ್ಲಿ ಬಂದರೆ ಆ ವರ್ಷದ ಆಯ್ಕೆಯಲ್ಲಿ ಮೇಡಂ ನೌಕರಿ ಕಾಯಂ ಆಗುವುದು ಹೆಚ್ಚುಕಡಿಮೆ ಖಾತ್ರಿ. ಈ ಸಲವೂ ಫೋಟೊ ಛಾಪಿಸಲು ನಮ್ಮ ಒಪ್ಪಿಗೆಯ ಸಹಿ ಬೇಕು. ಮುಖ್ಯ ಫೋಟೊ ನನ್ನದು, ಉಳಿದವರು ಘಾಳೆಪ್ಪ ಮಾಡಿದರೆ ನಾವೂ ಮಾಡುತ್ತೇವೆ ಎಂದು ಕೂತಿದ್ದರು. ನಾನು ಮೇಡಂಗೆ ಹೇಳಿದೆ: "ಸಹಿ ಮಾಡ್ತೇನಿರಿ. ಖರೇ ನನ್ನ ಕಾಲ ಟಿಕೀಟ್ ತಗೊಂಡು ನೋಡೋ ತಮಾಷಾ ಅಲ್ಲ. ತೋರಸೋದಾದ್ರ ಎಲ್ಲಾರಿಗೂ ತೋರಸ್ರಿ."

ಮೇಡಂ ಒಪ್ಪಿಗೆಯ ಹಾಳೆಯನ್ನು ನನ್ನ ಕೈಗೇ ಕೊಟ್ಟು ಹೋದರು. ಅದೇ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನಿಂದ ಕರೆ ಬಂತು. ಸಂಶೋಧನೆಯನ್ನು ಬೀಗವಿಲ್ಲದೆ ಪ್ರಕಟಿಸಬೇಕು ಎನ್ನುವವರ ಸಭೆ. ಡಾಕ್ಟರೂ ಬರಬೇಕು, ರೋಗ ಅನುಭವಿಸಿದವರೂ ಬರಬೇಕು. ಸೆನೆಗಲ್‌ನ ಆ ಡಾಕ್ಟರೂ ಬರುತ್ತಾರೆ ಎಂದು ಬರೆದಿದ್ದರು. ಸಹಿ ಇಲ್ಲದ ಒಪ್ಪಿಗೆ ಹಾಳೆಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಹೊರಟೆ. ಅಲ್ಲಿ ವೇದಿಕೆಯ ಮೇಲೆ, ಎಲ್ಲರ ಮುಂದೆ, ನನ್ನ ಶರತ್ತು ಹೇಳಿಬಿಡಬೇಕು ಎಂದು ತೀರ್ಮಾನಿಸಿದ್ದೆ. ಜಗತ್ತಿನ ಮುಂದೆ ಹೇಳಿದ ಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಮನೆಯಲ್ಲಿ ಹೆಂಡತಿ ಸುಗಂಧಾಳ ಮುಂದೆ ನಿಂತು ಭಾಷಣ ಪಾಠ ಮಾಡಿದೆ. ಅವಳು ದಾರಿಯ ಬುತ್ತಿಗೆ ಶೇಂಗಾ ಹಿಂಡಿ ಕುಟ್ಟುತ್ತ ಕೇಳಿ, ಮಾತು ಛಲೋ ಅದ, ಆದರೆ ಆ ಹುಡುಗಿ ಮುಖ ನೋಡಿಕೊಂಡು ಮಾತಾಡು ಎಂದಳು.

ಹೈದರಾಬಾದ ವಿಮಾನ ನಿಲ್ದಾಣ

ನನ್ನ ಎಡಗಾಲಿನ ಬೂಟು ಬೇರೆ ತರಹದ್ದು. ಹೋದ ಬೆರಳುಗಳ ಜಾಗದಲ್ಲಿ ಮೆತ್ತನೆಯ ತುಂಡೊಂದಿದೆ, ಅಟ್ಟೆಯೊಳಗೆ ಉಕ್ಕಿನ ಪಟ್ಟಿ ಇದೆ. ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಮೈಲೂರಿನ ಓಣಿಯಲ್ಲಿ ನನ್ನ ಪಾದ ನೋಡಿದವರು ನನ್ನ ಹೆಂಡತಿ ಬಿಟ್ಟರೆ ಯಾರೂ ಇಲ್ಲ. ಮದುವೆಮನೆಯಲ್ಲಿ ಪಂಕ್ತಿಗೆ ಕೂಡುವಾಗಲೂ ಸಾಕ್ಸು ತೆಗೆಯದವನು ನಾನು.

ತಪಾಸಣೆಯ ಬಾಗಿಲಲ್ಲಿ ಆ ಬೂಟು ಕೂಗಿಕೊಂಡಿತು. ತೆಗೆ ಎಂದರು. ಹಿಂದೆ ಉದ್ದ ಸಾಲು. ತೆಗೆದೆ. ಜವಾನ ಬೂಟನ್ನು ತಲೆಕೆಳಗು ಮಾಡಿ ಜಾಡಿಸಿದ ಕೂಡಲೇ ಮೆತ್ತನೆಯ ತುಂಡು ಉರುಳಿ ಬಿತ್ತು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನು ಎಂದು ಹಿಂದಿಯಲ್ಲಿ ಕೇಳಿದ. ಇದು ನನ್ನ ಬೆರಳು ಸಾಹೇಬ್ರೆ, ಸ್ವಲ್ಪ ನಾಜೂಕಿನಿಂದ ಹಿಡೀರಿ ಎಂದೆ. ಸಾಲಿನಲ್ಲಿ ಯಾರೋ ನಕ್ಕರು. ನನ್ನ ಕಿವಿ ಕಾದವು. ಕಾಲಿನ ಫೋಟೊ ಜಗತ್ತಿಗೆಲ್ಲ ತೋರಿಸಿ ಎಂದು ಹಟ ಹಿಡಿದವನು ಒಂದು ಸಾಲಿನ ಜನರ ಮುಂದೆ ಸಾಕ್ಸಿನ ಕಾಲನ್ನು ಇನ್ನೊಂದು ಕಾಲಿನ ಹಿಂದೆ ಮರೆಮಾಡಿ ನಿಂತಿದ್ದೆ. ಫೋಟೊದಲ್ಲಿ ಹೆಸರಿಲ್ಲ, ಮುಖವಿಲ್ಲ. ಇಲ್ಲಿ ಎರಡೂ ಇದ್ದವು.

ವಿಮಾನದಲ್ಲಿ ಮೇಡಂ ಪಕ್ಕದಲ್ಲೇ ಕೂತಿದ್ದರು. ಊಟ, ಹವಾಮಾನ, ಚರ್ಚಿನ ಹೊಸ ಪಾಸ್ಟರು, ಎಲ್ಲದರ ಮಾತಾಯಿತು. ಜೇಬಿನಲ್ಲಿದ್ದ ಹಾಳೆಯ ಮಾತನ್ನು ಇಬ್ಬರೂ ತೆಗೆಯಲಿಲ್ಲ.

ಡೆವೆಂಟರ್: ಮಾರಿಕೆ ಬಾಯಿಯ ಮನೆ

ನಮಗೆ ಇಳಿಯಲು ವ್ಯವಸ್ಥೆ ಮಾಡಿದ್ದು ಡೆವೆಂಟರ್ ಎಂಬ ಊರಿನಲ್ಲಿ, ಮಾರಿಕೆ ಎಂಬ ಹೆಂಗಸಿನ ಮನೆಯಲ್ಲಿ. ನನ್ನ ವಯಸ್ಸಿನವರು, ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ. ಬಾಗಿಲಿಗೆ ಬಂದಾಗ ನಾನು ತಲೆ ಎತ್ತಿ ನೋಡಬೇಕಾಯಿತು, ಅಷ್ಟು ಎತ್ತರ. ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ ನಾನು ಅವರನ್ನು ಮಾರಿಕೆ ಬಾಯಿ ಎಂದೆ. ಬಾಯಿ ಎಂದರೇನು ಎಂದು ಮೇಡಂ ಹತ್ತಿರ ಕೇಳಿ ತಿಳಿದು, ಹೋಗುವ ತನಕ ಹಾಗೇ ಕರೆಸಿಕೊಂಡರು.

ಮೊದಲು ಮೆಟ್ಟಿಲಿನ ಮಾತು. ಅಂಥ ಕಡಿದಾದ, ಅಂಥ ಇಕ್ಕಟ್ಟಾದ ಮೆಟ್ಟಿಲು ನಾನು ಕಂಡಿಲ್ಲ. ಪಾದದ ಅರ್ಧ ಹೊರಗೇ ಇರುತ್ತದೆ. ಭಾಲ್ಕಿಯಲ್ಲಿ ಇಂಥದ್ದು ಕಟ್ಟಿದ್ದರೆ ಮನೆಯ ಮಾಲಕ ನನ್ನನ್ನೇ ಅದಕ್ಕೆ ಕಟ್ಟಿಹಾಕುತ್ತಿದ್ದ. ಇಳಿಯುವಾಗ ಹಿಂದುಮುಂದಾಗಿ, ಏಣಿ ಇಳಿದಂತೆ ಇಳಿಯಬೇಕು ಎಂದು ಮಾರಿಕೆ ಬಾಯಿ ಇಳಿದು ತೋರಿಸಿದರು. ಪರಾಂಚಿಯ ಮೇಲೆ ಓಡಾಡುವ ನನಗೆ ಮೆಟ್ಟಿಲು ಇಳಿಯುವ ಪಾಠವಾಯಿತು.

ಆಮೇಲೆ ಕಿಟಕಿ. ನಮ್ಮಲ್ಲಿ ಮನೆ ಕಟ್ಟಿ ಮುಗಿಸಿದ ಮೇಲೆ ಮೊದಲು ತೂಗುಹಾಕುವುದು ಪರದೆ. ಅಲ್ಲಿ ಬೀದಿಯ ಕಡೆ ಆಳೆತ್ತರದ ಗಾಜು, ಒಳಗೆ ದೀಪ, ಪರದೆಯೇ ಇಲ್ಲ. ಸಂಜೆ ನಡೆದು ಹೋದರೆ ಮನೆ ಮನೆಯ ಊಟ ಕಾಣುತ್ತದೆ. ಊರಿನವರು ಯಾರೂ ತಿರುಗಿ ನೋಡುವುದಿಲ್ಲ. ನಾನು ನಿಂತು ನೋಡಿದೆ. ಸೂಪು ಕುಡಿಯುತ್ತಿದ್ದ ಒಬ್ಬ ಮುದುಕ ನನ್ನ ಕಡೆಗೆ ಚಮಚ ಎತ್ತಿ ತೋರಿಸಿದ. ಬಾ ಎಂದನೋ ಹೋಗು ಎಂದನೋ ತಿಳಿಯದೆ ನಮಸ್ಕಾರ ಮಾಡಿ ಮುಂದೆ ನಡೆದೆ.

ಬಿಸ್ಕೀಟಿನ ಪ್ರಸಂಗವನ್ನೂ ಹೇಳಬೇಕು. ಚಹಾದ ಸಂಗಡ ಮಾರಿಕೆ ಬಾಯಿ ಒಂದು ಡಬ್ಬಿ ಮುಂದೆ ಹಿಡಿದರು. ನಾನು ಬ್ಯಾಡ ಎಂದೆ. ನಮ್ಮ ಕಡೆ ಮೊದಲನೆಯ ಸಲ ಬ್ಯಾಡ ಎನ್ನುವುದು ಮರ್ಯಾದೆ, ಎರಡನೆಯ ಸಲ ಬ್ಯಾಡ ಎನ್ನುವುದು ಸಂಕೋಚ, ಮೂರನೆಯ ಸಲ ತೆಗೆದುಕೊಳ್ಳುವುದು ರಿವಾಜು. ಅವರು ನನ್ನ ಮೊದಲನೆಯ ಮಾತನ್ನೇ ನಂಬಿ ಮುಚ್ಚಳ ಹಾಕಿ ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟರು. ನಾನು ಕಪಾಟನ್ನು ನೋಡುತ್ತ ಬರೀ ಚಹಾ ಕುಡಿದೆ. ಮೇಡಂ ಒಂದು ತೆಗೆದುಕೊಂಡಿದ್ದರು. ಅವರಿಗೂ ಎರಡನೆಯದು ಸಿಗಲಿಲ್ಲ. ಚಹಾಕ್ಕೆ ಒಂದೇ ಬಿಸ್ಕೀಟು ಎಂಬುದು ಅಲ್ಲಿಯ ಲೆಕ್ಕವಂತೆ.

ಮರುದಿನ ಸಂಜೆ ಮೇಡಂ ತಮ್ಮ ಲೇಖನದ ಸಂಗತಿಯನ್ನು ಮಾರಿಕೆ ಬಾಯಿಗೆ ಹೇಳಿದರು. ನನ್ನ ಶರತ್ತನ್ನೂ ಹೇಳಿದರು ಎಂದು ಅವರು ನನ್ನ ಕಡೆ ತಿರುಗಿದ ರೀತಿಯಿಂದಲೇ ತಿಳಿಯಿತು. ಇಂಥ ತೊಡಕು ಬಿಡಿಸುವುದೇ ಅವರ ಗ್ರಂಥಾಲಯದ ಕೆಲಸವಂತೆ. ನಡುವಿನ ದಾರಿಯೊಂದಿದೆ ಎಂದರು. ಲೇಖನ ದೊಡ್ಡ ಪತ್ರಿಕೆಯಲ್ಲೇ ಬರಲಿ. ಪತ್ರಿಕೆಯವರು ಅಂದಚೆಂದ ಮಾಡಿ ಜೋಡಿಸುವುದಕ್ಕೆ ಮುಂಚಿನ, ಮೇಡಂ ಕೈಯಿಂದ ಹೋದ ಪ್ರತಿ ಇರುತ್ತದಲ್ಲ, ಅದನ್ನು ಎಲ್ಲರೂ ಬಿಟ್ಟಿ ಓದುವ ಜಾಗದಲ್ಲಿ ಇಡಲು ಆ ಪತ್ರಿಕೆಯ ನಿಯಮದಲ್ಲಿ ಅವಕಾಶವಿದೆ. ಆದರೆ ಛಾಪಾಗಿ ಒಂದು ವರ್ಷ ಕಳೆಯಬೇಕು.

ಮೇಡಂ ಮುಖ ಅರಳಿತು. "ಒಂದ್ ವರ್ಷ ಕಾಕಾ. ಬರೇ ಒಂದ್ ವರ್ಷ."

ನಾನು ಹೇಳಿದೆ: "ಮುಳ್ಳ ನಟ್ಟಾಗ ನನ್ನ ಪಾದದಾಗ ಒಂದ್ ಗಂಟ ಇತ್ತರಿ. ವರ್ಷ ಆದ ಮ್ಯಾಲ ಅದು ಬೂಟಿನಾಗ ಹಿಡೀಲಿಲ್ಲ."

ಮೇಡಂ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಹೊತ್ತಿಗೆ ಅವರ ದನಿ ಇಳಿದಿತ್ತು. ಮಾರಿಕೆ ಬಾಯಿ ಎದ್ದು, ಕಪಾಟಿನಿಂದ ಡಬ್ಬಿ ತೆಗೆದು ಇಬ್ಬರಿಗೂ ಎರಡನೆಯ ಬಿಸ್ಕೀಟು ಕೊಟ್ಟರು. ವಿಷಯ ಎಷ್ಟು ಗಂಭೀರವಾಗಿದೆ ಎಂದು ಆಗ ನನಗೆ ಅರ್ಥವಾಯಿತು.

ಇಟ್ಟಿಗೆಯ ಬೀದಿ

ಬೆಳಗ್ಗೆ ಆ ಏಣಿಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಿದ್ದೆ. ಕೆಳಗೆ ಅಡುಗೆಮನೆಯಲ್ಲಿ ಮೇಡಂ ಬೀದರಕ್ಕೆ ಫೋನಿನಲ್ಲಿ ಮಾತಾಡುತ್ತಿದ್ದರು, ತಾಯಿಯ ಸಂಗಡ. ಆ ನರ್ಸಮ್ಮ ಈಗ ರಿಟೈರಾಗಿ ಮಗಳ ಜೊತೆ ಇದ್ದಾರೆ. "ಆಗ್ತದವ್ವ. ಈ ವರ್ಷ ಪರ್ಮನೆಂಟ್ ಆಗ್ತದ. ನೀ ಮತ್ತ ಮತ್ತ ಕೇಳಬ್ಯಾಡ," ಎನ್ನುವುದು ಕೇಳಿಸಿತು. ನಾನು ಅರ್ಧ ಮೆಟ್ಟಿಲಲ್ಲೇ ನಿಂತೆ. ಮೇಲೆ ಹೋಗುವುದೂ ಆಗಲಿಲ್ಲ, ಕೆಳಗೆ ಇಳಿಯುವುದೂ ಆಗಲಿಲ್ಲ. ಪ್ರತಿ ವರ್ಷ ಗುತ್ತಿಗೆ ಮುಗಿಯುವಾಗ ಮುಂದೇನೋ ಎಂದು ಬಾಗಿಲು ಕಾಯುವುದು ನನಗೆ ಗೊತ್ತಿಲ್ಲದ್ದಲ್ಲ. ಗೌಂಡಿಯ ಜೀವನವೆಲ್ಲ ಅದೇ. ಆದರೆ ನನ್ನ ಕಸುಬು ನನ್ನ ಕೈಯಲ್ಲಿದೆ. ಅವರದು ಯಾರದೋ ಮೇಜಿನ ಮೇಲಿದೆ.

ಸಭೆ ಮರುದಿನವಿತ್ತು. ಮನಸ್ಸು ತಿಳಿಯಾಗಲಿ ಎಂದು ಒಬ್ಬನೇ ಬೀದಿಗೆ ಇಳಿದೆ. ಆ ಊರಿನ ಬೀದಿಗಳೆಲ್ಲ ಇಟ್ಟಿಗೆಯವು. ಡಾಂಬರಿಲ್ಲ, ಕಾಂಕ್ರೀಟಿಲ್ಲ. ಇಟ್ಟಿಗೆಗಳನ್ನು ಚಾಪೆ ಹೆಣೆದಂತೆ ಓರೆಯಾಗಿ ಕೂರಿಸಿದ್ದಾರೆ. ಒಂದು ಕಡೆ ಇಬ್ಬರು ಆಳುಗಳು ಮೊಣಕಾಲಿಗೆ ದಪ್ಪ ಪಟ್ಟಿ ಕಟ್ಟಿಕೊಂಡು ಬೀದಿ ಅಗೆಯುತ್ತಿದ್ದರು. ನಾನು ನಿಂತವನು ಕೂತೆ, ಕೂತವನು ಹತ್ತಿರ ಸರಿದೆ. ನನ್ನ ಅಂಗೈ ತೋರಿಸಿದೆ. ಕಸುಬಿನವರಿಗೆ ಅಷ್ಟು ಸಾಕು. ಕೆಂಪು ಗಡ್ಡದವನೊಬ್ಬ ತನ್ನ ಮೊಣಕಾಲ ಪಟ್ಟಿ ಬಿಚ್ಚಿ ಕೊಟ್ಟು ಜಾಗ ಬಿಟ್ಟ.

ನಾನು ಒಂದು ಸಾಲು ಕೂರಿಸಿದೆ. ಒಳ್ಳೆಯದೇ ಆಯಿತು ಎಂದುಕೊಂಡೆ. ಕೆಂಪು ಗಡ್ಡದವ ನೋಡಿದ, ತಲೆ ಆಡಿಸಿದ, ಮರದ ಸುತ್ತಿಗೆಯಿಂದ ಒಂದೆರಡು ಕಡೆ ತಟ್ಟಿದ, ಆಮೇಲೆ ನನ್ನ ಸಾಲನ್ನು ಪೂರಾ ಕಿತ್ತು ಮತ್ತೆ ಕೂರಿಸಿದ. ಬೀದರ ಜಿಲ್ಲೆಯಲ್ಲಿ ನಾನು ಕೂರಿಸಿದ ಕಲ್ಲನ್ನು ಕಿತ್ತವನು ಇನ್ನೂ ಹುಟ್ಟಿಲ್ಲ. ಸಿಟ್ಟು ಬಂತು. ಆದರೆ ಅವನ ಸಾಲು ನನ್ನದಕ್ಕಿಂತ ನೆಟ್ಟಗಿತ್ತು. ಸುಳ್ಳು ಹೇಳಿ ಏನು ಉಪಯೋಗ.

ಸಿಮೆಂಟು ಎಲ್ಲಿ ಎಂದು ಕೈಸನ್ನೆಯಿಂದ ಕೇಳಿದೆ. ಇಲ್ಲ ಎಂದು ನಕ್ಕ. ಕೆಳಗೆ ಬರೀ ಉಸುಕು. ಒಂದು ಇಟ್ಟಿಗೆಯನ್ನು ಬೆರಳಿಂದ ಎತ್ತಿ, ಅಡಿಯಲ್ಲಿದ್ದ ನೀರಿನ ಕೊಳವೆ ತೋರಿಸಿ, ಮತ್ತೆ ಹಾಗೇ ಇಟ್ಟು ತಟ್ಟಿದ. ಯಾರು ಬೇಕಾದರೂ ತೆರೆಯಬಹುದು, ಕೆಟ್ಟದ್ದು ಸರಿ ಮಾಡಬಹುದು, ಮುಚ್ಚಬಹುದು. ಬೀದಿ ಮಾತ್ರ ಮುನ್ನೂರು ವರ್ಷದಿಂದ ಇದ್ದಂತೆ ಕಾಣುತ್ತದೆ. ನಮ್ಮಲ್ಲಿ ಕೊಳವೆ ಸೋರಿದರೆ ಮೊದಲು ಮಷೀನು ತಂದು ರಸ್ತೆ ಒಡೆಯುತ್ತೇವೆ. ಯಾರಿಂದಲೂ ಎಬ್ಬಿಸಲಾಗದ ನೆಲ ನನ್ನದು ಎಂದು ಇಷ್ಟು ವರ್ಷ ಮೀಸೆ ತಿರುವಿದ್ದೆ. ಅಂದು ಅಷ್ಟು ತಿರುವಲಿಲ್ಲ.

ಹಳೆಯ ಚರ್ಚು

ಸಭೆ ನಡೆದದ್ದು ಒಂದು ಹಳೆಯ ಚರ್ಚಿನಲ್ಲಿ. ಈಗ ಅಲ್ಲಿ ಪ್ರಾರ್ಥನೆ ಇಲ್ಲ. ಭಾಷಣ, ಸಂಗೀತ ನಡೆಯುತ್ತವಂತೆ. ಆದರೂ ಚರ್ಚು ಚರ್ಚೇ. ನಮ್ಮ ಮೈಲೂರಿನ ಚರ್ಚಿನಲ್ಲಿ ಮೆಟ್ಟು ಬಾಗಿಲ ಹೊರಗೇ. ಅಲ್ಲಿ ಎಲ್ಲರೂ ಬೂಟು ಹಾಕಿಕೊಂಡು ಒಳಗೆ ನಡೆಯುತ್ತಿದ್ದರು. ನಾನೂ ಹೊಸ್ತಿಲ ತನಕ ಹೋದೆ. ಒಳಗಿನ ನೆಲ ನೋಡಿದೆ. ಅಂಗಳದಂಥ ದೊಡ್ಡ ನೆಲಕ್ಕೆ ಹಾಸಿದ ಕಲ್ಲುಗಳೆಲ್ಲ ಸಮಾಧಿಯ ಕಲ್ಲುಗಳು. ಒಂದೊಂದರ ಮೇಲೂ ಸತ್ತವರ ಹೆಸರು ಕೆತ್ತಿದೆ. ಅವರು ಕೆಳಗೇ ಮಲಗಿದ್ದಾರೆ, ಜನ ಮೇಲೆ ಕಾಫಿ ಹಿಡಿದು ನಿಂತಿದ್ದಾರೆ.

ನನ್ನಿಂದ ಆಗಲಿಲ್ಲ. ಹೆಸರಿನ ಮೇಲೆ ಬೂಟುಗಾಲು ಇಡುವುದು ಹೇಗೆ? ಅಷ್ಟು ಯೋಚನೆ ಮಾಡಲೂ ಇಲ್ಲ. ಕೈ ತಾನೇ ಕೆಳಗೆ ಹೋಗಿ ಎರಡೂ ಬೂಟು, ಊರ ಚರ್ಚಿನಲ್ಲೂ ತೆಗೆಯದ ಸಾಕ್ಸು ತೆಗೆದು ಬಾಗಿಲ ಪಕ್ಕ ಇಟ್ಟಿತು. ಕಲ್ಲಿನ ತಂಪು ಅಂಗಾಲಿಗೆ ಹತ್ತಿದಾಗಲೇ ನಾನು ಏನು ಮಾಡಿದೆ ಎಂದು ಗೊತ್ತಾದದ್ದು. ಇಡೀ ಸಭೆಯಲ್ಲಿ ಬರಿಗಾಲಿನವನು ನಾನೊಬ್ಬನೇ, ಆ ಬರಿಗಾಲೂ ಇಂಥದ್ದು. ಹಿಂದೆ ಹೋಗಿ ಹಾಕಿಕೊಳ್ಳೋಣವೆಂದರೆ ಇನ್ನೂ ಹೆಚ್ಚು ಜನ ನೋಡುತ್ತಾರೆ. ಮಾರಿಕೆ ಬಾಯಿ ಗಾಬರಿಯಾಗಿ ಓಡಿ ಬಂದರು. ಬೂಟು ಕಚ್ಚುತ್ತಿದೆಯೇ ಎಂದು ಕೇಳಿದರಂತೆ.

ಆಗ ದೂರದ ಕುರ್ಚಿಯಿಂದ ಒಬ್ಬ ಮುದುಕರು ಎದ್ದರು. ಕಪ್ಪು ಬಣ್ಣ, ನೀಲಿ ನಿಲುವಂಗಿ, ಕೈಯಲ್ಲಿ ಕೋಲು. ಅವರು ನನ್ನ ಮುಖ ನೋಡಲಿಲ್ಲ. ಕಾಲನ್ನೇ ನೋಡುತ್ತ ಬಂದರು. ಕೋಲನ್ನು ಯಾರ ಕೈಗೋ ಕೊಟ್ಟು, ಮೊಣಕಾಲೂರಿ ನೆಲದ ಮೇಲೆ ಕೂತು, ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದರು.

ವಯಸ್ಸಾದವರು, ಕಲಿತವರು, ನನ್ನ ಕಾಲು ಹಿಡಿಯುವುದೆಂದರೇನು! ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವರು ಮತ್ತೆ ಹಿಡಿದರು. ನಾನು ಮತ್ತೆ ಎಳೆದು, ಪಾಪ ಕಳೆಯಲಿ ಎಂದು ಬಗ್ಗಿ ಅವರ ಪಾದ ಮುಟ್ಟಹೋದೆ. ಅವರು ಕೂತದ್ದರಿಂದ ಪಾದ ಸಿಗಲಿಲ್ಲ. ಇಬ್ಬರ ತಲೆಯೂ ಡಿಕ್ಕಿಯಾಯಿತು. ಮೇಡಂ ಬಂದು ನನ್ನ ಭುಜ ಹಿಡಿದು, "ಸುಮ್ಮ ನಿಂದ್ರಿ ಕಾಕಾ. ಡಾಕ್ಟರ್ ನೋಡ್ಲಾಕತ್ಯಾರ," ಎಂದರು. ಆಗ ಗೊತ್ತಾಯಿತು, ಸೆನೆಗಲ್‌ನ ಡಾಕ್ಟರು ಇವರೇ.

ಅವರು ಮಾತಾಡುವುದು ಫ್ರೆಂಚು. ಮಾರಿಕೆ ಬಾಯಿ ಅದನ್ನು ಇಂಗ್ಲಿಷು ಮಾಡಿದರು, ಮೇಡಂ ಇಂಗ್ಲಿಷನ್ನು ಕನ್ನಡ ಮಾಡಿದರು. ಇಟ್ಟಿಗೆ ಕೈಯಿಂದ ಕೈ ದಾಟಿಸಿದಂತೆ ಮಾತು ದಾಟಿತು. ಎಲ್ಲಿ ಕೊಯ್ದರು, ಎಷ್ಟು ಕಾಲ ಗುಳಿಗೆ, ಮತ್ತೆ ಕಾಳು ಬಂತೇ ಎಂದೆಲ್ಲ ಕೇಳಿದರು. ಮೇಡಂ ಹೇಳಿದರು: ಎಲ್ಲ ನಿಮ್ಮ ಲೇಖನ ನೋಡಿಯೇ ಮಾಡಿದ್ದು. ಮುದುಕರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ನಕ್ಕರು. ಆ ಲೇಖನವನ್ನು ಅವರು ಮೊದಲು ದೊಡ್ಡ ದೊಡ್ಡ ಪತ್ರಿಕೆಗಳಿಗೆ ಕಳಿಸಿದ್ದರಂತೆ. ಯಾರೂ ತೆಗೆದುಕೊಳ್ಳಲಿಲ್ಲವಂತೆ. ಸಿಟ್ಟಿನಿಂದ ಕೊನೆಗೆ ಈ ಬಿಟ್ಟಿ ಓದುವ ಪತ್ರಿಕೆಗೆ ಕೊಟ್ಟು, ಇನ್ನು ಯಾರು ಓದುತ್ತಾರೆ ಎಂದು ಎಷ್ಟೋ ದಿನ ಮುಖ ಗಂಟಿಕ್ಕಿಕೊಂಡು ಇದ್ದರಂತೆ. ಬೀದರ ಎಲ್ಲಿದೆ ಎಂದು ಕೇಳಿದರು. ಹೈದರಾಬಾದಿನ ಹತ್ತಿರ ಎಂದು ಮೇಡಂ ಹೇಳಿದರು. ಹೈದರಾಬಾದೇ ಬೀದರದ ಹತ್ತಿರ ಎಂದು ಹೇಳಿ ಎಂದೆ. ಮೇಡಂ ಅದನ್ನು ದಾಟಿಸಲಿಲ್ಲ.

ನನ್ನ ಸರದಿ ಬಂತು. ವೇದಿಕೆಗೆ ಬರಿಗಾಲಲ್ಲೇ ಹತ್ತಿದೆ. ಮೈಕಿನ ಈ ಕಡೆ ನಾನು, ಆ ಕಡೆ ನನ್ನ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಮೇಡಂ. ಪಾಠ ಮಾಡಿದ ಭಾಷಣ ನಾಲಿಗೆಯ ತುದಿಯಲ್ಲಿತ್ತು: ಬೀಗ ಹಾಕುವ ಪತ್ರಿಕೆಗೆ ನನ್ನ ಕಾಲು ಕೊಡುವುದಿಲ್ಲ. ಆಗ ನನಗೆ ಹೊಳೆಯಿತು, ಆ ಮಾತನ್ನು ಜಗತ್ತಿಗೆ ಹೇಳಬೇಕಾದ ಬಾಯಿ ಮೇಡಂದು. ಅವರ ನೌಕರಿಯನ್ನು ಅವರ ಬಾಯಿಂದಲೇ ತೆಗೆಸಬೇಕು. ಅವರೂ ಅದನ್ನೇ ಕಾಯುತ್ತ ನಿಂತಿದ್ದರು. ಆದರೂ ಮೈಕಿನಿಂದ ಹಿಂದೆ ಸರಿಯಲಿಲ್ಲ.

ನಾನು ಇಷ್ಟೇ ಹೇಳಿದೆ: ಈ ಕಾಲು ಉಳಿಸಿದವರು ಇಬ್ಬರು. ಒಬ್ಬರು ಇಲ್ಲಿ ನಿಂತಿದ್ದಾರೆ, ಒಬ್ಬರು ಅಲ್ಲಿ ಕೂತಿದ್ದಾರೆ. ಈ ದಿನದ ತನಕ ಅವರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನಡುವೆ ಬಾಗಿಲು ತೆರೆದಿತ್ತು, ಅದಕ್ಕೇ ನಾನು ನಡೆದುಕೊಂಡು ಬಂದಿದ್ದೇನೆ.

ಮೇಡಂ ನನ್ನ ಕಡೆ ನೋಡಿದರು, ಇನ್ನೂ ಇದೆ ಎಂದು. ಮುಗಿಯಿತು ಎಂದು ಇಳಿದುಬಿಟ್ಟೆ.

ನದಿಯ ದೋಣಿ

ಊರಿನ ಪಕ್ಕದಲ್ಲೇ ಅಗಲವಾದ ನದಿ. ಆಚೆ ದಡಕ್ಕೆ ಒಂದು ಪುಟ್ಟ ದೋಣಿ ಹೋಗುತ್ತದೆ, ಸೈಕಲ್ಲುಗಳೂ ಅದರಲ್ಲೇ ಹತ್ತುತ್ತವೆ. ಸಭೆ ಮುಗಿದ ಮಧ್ಯಾಹ್ನ ನಾನೂ ಮೇಡಂ ಅವರೂ ಅದರಲ್ಲಿ ಕೂತೆವು. ಸುಗಂಧಾ ಕಟ್ಟಿದ ಕಡಕ್ ರೊಟ್ಟಿ ಮುರಿದು ಹಿಂಡಿ ಹಚ್ಚಿ ಇಬ್ಬರೂ ತಿಂದೆವು. ಆ ಊರಿನ ತಣ್ಣನೆಯ ಬ್ರೆಡ್ಡು ತಿಂದು ತಿಂದು ನಾಲಿಗೆ ಸತ್ತಿತ್ತು.

"ನೀವು ತಯ್ಯಾರಿ ಮಾಡಿದ್ದು ಅದಲ್ಲ," ಎಂದರು ಮೇಡಂ. "ಯಾಕ ಹೇಳ್ಲಿಲ್ಲ ಕಾಕಾ?"

"ನಿಮ್ಮ ಹೊಟ್ಟಿ ಮ್ಯಾಲ ನಿಮ್ಮ ಕೈಲೇ ಹೊಡಸೋದು ನನಗ ಆಗ್ಲಿಲ್ರಿ."

ಜೇಬಿನಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟು ಸಹಿ ಮಾಡಿದೆ. ದೋಣಿ ಅಲುಗಿ ಕೊನೆಯ ಅಕ್ಷರ ಸೊಟ್ಟಗಾಯಿತು. ಎಲ್ಲಿ ಬೇಕಾದರೂ ಛಾಪಿಸಿ, ಉಳಿದವರಿಗೂ ನಾನೇ ಹೇಳುತ್ತೇನೆ ಎಂದು ಅವರ ಕೈಗೆ ಕೊಟ್ಟೆ. ಮೇಡಂ ಅದನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. ಆಚೆ ದಡ ಬಂದು ಜನ ಇಳಿದರು, ಹೊಸ ಜನ ಹತ್ತಿದರು. ನಾವು ಇಳಿಯಲಿಲ್ಲ.

"ನಿಮ್ಮ ಕಾಲ ನೋಡಿದ ದಿನ ಆ ಲೇಖನಕ್ಕ ಬೀಗ ಇತ್ತಂದ್ರ ನಾ ಏನ್ ಮಾಡ್ತಿದ್ದೆ ಗೊತ್ತದನ್ರಿ?" ಎಂದರು. "ಎಲ್ಲಾರೂ ಹೇಳಿದ್ದೇ ಹೇಳ್ತಿದ್ದೆ. ಕಡೀಬೇಕು ಅಂತಿದ್ದೆ. ನಾನೇ ಕಡಸ್ತಿದ್ದೆ ಕಾಕಾ."

ನಾನು ನೀರು ನೋಡಿದೆ.

"ಆ ಪತ್ರಿಕಿಗೆ ಬ್ಯಾಡ ಅಂತ ಬರೀತೇನಿ. ಓದೋರ ಕಡಿಂದನೂ ಬರಿಯೋರ ಕಡಿಂದನೂ ರೊಕ್ಕ ತಗೊಳ್ಳಲಾರದ ಪತ್ರಿಕಿ ಒಂದ್ ಅದ ಅಂತ ಮಾರಿಕೆ ಹೇಳ್ಯಾರ. ಪ್ರೊಫೆಸರ್‌ಗೋಳೇ ನಡಸ್ತಾರ. ಹೆಸರು ಸಣ್ಣದು."

"ಮತ್ತ ನೌಕರಿ?"

"ಈ ಸಲ ಆಗಲ್ಲ."

ಈಗ ತಿರುಗಿ ನಿಂತವನು ನಾನು. ನಾನು ಸಹಿ ಮಾಡಿದ್ದೇನೆ, ನನ್ನ ಶರತ್ತು ವಾಪಸ್ಸು ತೆಗೆದುಕೊಂಡಿದ್ದೇನೆ, ವರ್ಷ ಕಾದರೆ ಏನೂ ಮುಳುಗುವುದಿಲ್ಲ, ನಿಮ್ಮ ತಾಯಿಗೆ ಏನು ಹೇಳುತ್ತೀರಿ ಎಂದೆಲ್ಲ ಜಗಳ ತೆಗೆದೆ. ಸೈಕಲ್ಲಿನವರು ತಿರುಗಿ ನೋಡುವಷ್ಟು ಜೋರಾಗಿ ಮಾತಾಡಿದೆ. ಇಷ್ಟು ಹಟ ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲ ಎಂದೂ ಅಂದೆ. ಮೇಡಂ ರೊಟ್ಟಿಯ ಕೊನೆಯ ತುಂಡು ಬಾಯಿಗೆ ಹಾಕಿಕೊಂಡು, ಹಟ ನಿಮ್ಮ ಕಾಲಿನ ಸಂಗಡವೇ ಬಂದದ್ದು, ಗುಳಿಗೆಗೆ ಹೋಗುವುದಿಲ್ಲ ಎಂದರು. ದೋಣಿ ನಮ್ಮನ್ನು ಆಚೆ ಈಚೆ ಒಯ್ದು ತಂದು ಬೇಸತ್ತಿತು. ದೋಣಿಯವ ಕೊನೆಗೆ ಕೈಮಾಡಿ ಇಳಿಸಿದ.

ಔರಾದ

ಪ್ರವಾಸ ಬೀದರದ ಬಸ್‌ಸ್ಟ್ಯಾಂಡಿಗೆ ಮುಗಿಯಿತು ಎಂದು ನಾನೂ ತಿಳಿದಿದ್ದೆ. ಇಲ್ಲ, ಇನ್ನೊಂದು ನಿಲ್ದಾಣ ಉಳಿದಿತ್ತು.

ಲೇಖನ ಆ ಸಣ್ಣ ಹೆಸರಿನ ಪತ್ರಿಕೆಯಲ್ಲಿ ಬಂತು. ಮೇಡಂ ನೌಕರಿ ಆ ಸಲ ಕಾಯಂ ಆಗಲಿಲ್ಲ. ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತು, ಅಷ್ಟೇ. ಅವರ ತಾಯಿ ಚರ್ಚಿನಲ್ಲಿ ನನ್ನನ್ನು ಕಂಡರೆ ಕೆಲವು ದಿನ ಬೇರೆ ಕಡೆ ನೋಡುತ್ತಿದ್ದರು. ನಾನೂ ಎದುರು ಹೋಗುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಠಾಣಾ ಕುಶನೂರಿನಿಂದ ಸುಗಂಧಾಳ ಚಿಕ್ಕಮ್ಮನ ಮಗಳು ಶಾಂತಾಬಾಯಿ ಕುಂಟುತ್ತ ಮನೆಗೆ ಬಂದಳು. ತೊಗರಿ ಹೊಲದಲ್ಲಿ ಹಿಮ್ಮಡಿಗೆ ಏನೋ ಚುಚ್ಚಿತ್ತಂತೆ. ಈಗ ಗಂಟು. ಮುಳ್ಳು ಮುರಿದು ಒಳಗೆ ಉಳಿದಿದೆ, ತಾನೇ ಹೋಗುತ್ತದೆ ಎಂದು ಅವಳ ವಾದ. ಅವಳ ಊರಿಗೆ ಹತ್ತಿರವಾಗಲಿ ಎಂದು ಔರಾದದ ಸರಕಾರಿ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಮೈಸೂರು ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ನನ್ನನ್ನು ಕಂಡವರಲ್ಲ. ನಾನೂ ಬಾಯಿ ತೆರೆಯಲಿಲ್ಲ. ನೋಡೋಣ ಎಂದು ಬೆಂಚಿನ ಮೇಲೆ ಬೂಟುಗಾಲು ಮಡಚಿ ಕೂತೆ.

ಡಾಕ್ಟರು ಹಿಮ್ಮಡಿ ಒತ್ತಿ ನೋಡಿದರು. ಹುಬ್ಬು ಗಂಟಿಕ್ಕಿದರು. ಹೊಲದ ಕೆಲಸವೇ, ಬರಿಗಾಲೇ ಎಂದು ಕೇಳಿದರು. ಮೊಬೈಲು ತೆಗೆದು ಏನೋ ಒತ್ತಿ ಸ್ವಲ್ಪ ಹೊತ್ತು ಓದಿದರು. ಆಮೇಲೆ ಪರದೆಯನ್ನು ಶಾಂತಾಬಾಯಿಯ ಕಡೆ ತಿರುಗಿಸಿದರು. ನಾನೂ ಕತ್ತು ಉದ್ದ ಮಾಡಿದೆ. ಬಾತ ಪಾದ, ತೂತುಗಳು, ಪಕ್ಕದಲ್ಲಿ ಎರಡು ಬೆರಳಿಲ್ಲದ ವಾಸಿಯಾದ ಪಾದ.

"ನೋಡಿ ಅಮ್ಮ, ಇವರೂ ನಿಮ್ಮ ಕಡೆಯವರೇ. ಇವರಿಗೂ ಇದೇ ಆಗಿತ್ತು," ಎಂದರು ಡಾಕ್ಟರು. "ತುಂಬಾ ತಡ ಮಾಡ್ಕೊಂಡ್ರು, ಎರಡು ಬೆರಳು ಹೋಯ್ತು. ಆದ್ರೂ ಕಾಲು ಉಳೀತು. ನಿಮ್ಮದು ಈಗಷ್ಟೇ ಶುರುವಾಗಿರೋ ಹಾಗಿದೆ. ಬೀದರ್‌ಗೆ ಬರೆದುಕೊಡ್ತೀನಿ, ನಾಳೆನೇ ಹೋಗಿ."

ಶಾಂತಾಬಾಯಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ನೋಡಿದಳು. ಅವಳ ಹಟ ಅಲ್ಲೇ ಇಳಿಯುವುದು ಕಾಣಿಸಿತು. ನಾಳೆಯೇ ಹೋಗುತ್ತೇನೆ ಎಂದು ತಾನಾಗಿಯೇ ಹೇಳಿದಳು. ಆಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದಳು: "ಯಾರದ್ದೋ ಪಾಪ. ಎಷ್ಟ್ ಹೊಲಸ ಕಾಲ ಅದ ನೋಡ್ರಿ ಭಾವಾ."

ನಾನು ಬೂಟನ್ನು ಬೆಂಚಿನ ಕೆಳಗೆ ಇನ್ನಷ್ಟು ಒಳಗೆ ಸರಿಸಿದೆ.

"ಫೋಟೊದಾಗ ಹಂಗ ಕಾಣ್ತದವ್ವ," ಎಂದೆ. "ಖರೇ ಅಷ್ಟೇನ್ ಹೊಲಸ ಇಲ್ಲ."